ರೊಟ್ಟಿಯ ಪಕ್ಕದಲ್ಲಿ ಏನಿದೆ?

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸೀಮೆ ಮಳೆ ನಂಬಿದ ನೆಲ. ಜೋಳ, ರಾಗಿ, ನವಣೆ, ಶೇಂಗಾ ಇಲ್ಲಿನ ಬೆಳೆಗಳು. ಇಂಥ ಕಡೆ ಹಬ್ಬದೂಟವಾಗಿದ್ದ ಅನ್ನ ಪಡಿತರದ ಅಕ್ಕಿಯೊಂದಿಗೆ ದಿನದೂಟವಾಗಿದೆ. ಶುಗರ್, ಬಿಪಿ ಬಂದವರಿಗೆ ಎಲ್ಲರೂ ಹೇಳುವುದು ಒಂದೇ: ಅನ್ನ ಬಿಡಿ, ರೊಟ್ಟಿ-ಮುದ್ದೆ ತಿನ್ನಿ, ತೂಕ ಇಳಿಸಿ. ಈ ಸಲಹೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ನಾಲ್ಕು ದಶಕಗಳ ಸಂಶೋಧನೆ ಹಂತಹಂತವಾಗಿ ಬಿಡಿಸಿ ತೋರಿಸಿದೆ.

ಮೊದಲ ಗಟ್ಟಿ ಪುರಾವೆ ಚೀನಾದ ಡಾಚಿಂಗ್ ನಗರದ್ದು. 1986ರಲ್ಲಿ ಅಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 577 ಮಂದಿಯನ್ನು ಆರಿಸಿಕೊಂಡು, ಹಲವು ಗುಂಪುಗಳಿಗೆ ಆರು ವರ್ಷ ಊಟ ಮತ್ತು ವ್ಯಾಯಾಮದ ಮಾರ್ಗದರ್ಶನ ಕೊಟ್ಟರು. 30 ವರ್ಷಗಳ ಬಳಿಕ ನೋಡಿದಾಗ, ಮಾರ್ಗದರ್ಶನ ಪಡೆಯದವರಿಗಿಂತ ಅವರಲ್ಲಿ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿತ್ತು. ಹೃದಯ, ರಕ್ತನಾಳದ ತೊಂದರೆಗಳು ಶೇ 26ರಷ್ಟು ಕಡಿಮೆಯಾಗಿದ್ದವು. 2002ರ ಅಮೆರಿಕದ ಅಧ್ಯಯನ ಶೇ 7ರಷ್ಟು ತೂಕ ಇಳಿಸುವುದನ್ನೂ ವಾರಕ್ಕೆ 150 ನಿಮಿಷಗಳ ವ್ಯಾಯಾಮವನ್ನೂ ಗುರಿಯಾಗಿಟ್ಟಿತು. ಕಾಯಿಲೆಯ ಅಪಾಯ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಗುಳಿಗೆ ತಗ್ಗಿಸಿದ್ದು ಶೇ 31.

ನಮ್ಮ ದೇಹದ ಲೆಕ್ಕ ಸ್ವಲ್ಪ ಬೇರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ದಾಖಲೆ ಆಧರಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮೀರಿದ್ದವರಲ್ಲಿ ಶೇ 3 ಮಂದಿಗೆ. ಬಸುರಿಯ ಊಟವೂ ಮುಂದಿನ ಅರ್ಧ ಶತಮಾನದ ಆರೋಗ್ಯದ ಪ್ರಶ್ನೆಯಾಯಿತು. 2006ರಲ್ಲಿ ಚೆನ್ನೈನ ಎ. ರಾಮಚಂದ್ರನ್ ತಂಡ 531 ಭಾರತೀಯರ ಅಧ್ಯಯನ ಪ್ರಕಟಿಸಿತು. ಊಟ, ನಡಿಗೆ ತಿದ್ದಿಕೊಂಡವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಸಕ್ಕರೆ ಕಾಯಿಲೆಯ ಅಪಾಯ ಶೇ 28.5ರಷ್ಟು ಇಳಿಯಿತು. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ಪಥ್ಯ ಕೈಬಿಡಬಾರದೆಂಬುದಕ್ಕೆ ಇದೇ ಸಾಕ್ಷಿ. ಭಾರತೀಯರ ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದೆಂಬ ಮಿತಿ ಬಂದದ್ದೂ, ಸಣಕಲು ಮೈಯಲ್ಲೂ ಹೊಟ್ಟೆಯ ಬೊಜ್ಜು ಕೂರುತ್ತದೆಂಬ ಕಾರಣಕ್ಕೆ.

ಕಾಯಿಲೆ ಬಂದ ಮೇಲೆ? ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ 2017ರಲ್ಲಿ ಹೊಸ ಭರವಸೆ ಕೊಟ್ಟಿತು. ಕಟ್ಟುನಿಟ್ಟಿನ ಪಥ್ಯ ಮಾಡಿದವರಲ್ಲಿ ಶೇ 46 ಮಂದಿಗೆ ಒಂದು ವರ್ಷದ ಹೊತ್ತಿಗೆ ಗುಳಿಗೆಯಿಲ್ಲದೆಯೇ ಸಕ್ಕರೆ ಹತೋಟಿಗೆ ಬಂತು. ಅವರಾರಿಗೂ ಕಾಯಿಲೆ ಗೊತ್ತಾಗಿ ಆರು ವರ್ಷ ದಾಟಿರಲಿಲ್ಲ. ತಡಮಾಡದೆ ತಪಾಸಣೆ ಮಾಡಿಸಬೇಕು ಎನ್ನುವುದು ಇದಕ್ಕೇ. ಆದರೆ ಅಮೆರಿಕದ ಲುಕ್ ಅಹೆಡ್ ಅಧ್ಯಯನದಲ್ಲಿ ತೂಕ ಇಳಿದರೂ ಹೃದಯಾಘಾತಗಳು ಕಡಿಮೆಯಾಗಲಿಲ್ಲ. 2012ರಲ್ಲಿ ಅದನ್ನು ನಿಲ್ಲಿಸಲಾಯಿತು. ತೂಕವೊಂದೇ ಎಲ್ಲವನ್ನೂ ತೀರ್ಮಾನಿಸದು.

ಗುಡೇಕೋಟೆಗೆ ನೇರವಾಗಿ ತಟ್ಟುವುದು 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಕ್ಕರೆ ಕಾಯಿಲೆ ಅಧ್ಯಯನದ ವಿಶ್ಲೇಷಣೆ. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಒಟ್ಟು ಪಿಷ್ಟ ಕಡಿಮೆ ಮಾಡದೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದರೆ ಅಪಾಯ ತಗ್ಗುವ ಲಕ್ಷಣ ಕಾಣಲಿಲ್ಲ. ಆ ಪಿಷ್ಟದಲ್ಲಿ ಒಂದು ಪಾಲನ್ನು ಕಾಳು, ಹಾಲು, ಮೊಟ್ಟೆ, ಮೀನಿನ ಪ್ರೋಟೀನಿಗೆ ಬಿಟ್ಟುಕೊಟ್ಟಲ್ಲಿ ತಗ್ಗುವ ಲಕ್ಷಣ ಕಂಡಿತು.

ಜೋಳ, ನವಣೆಯ ನಾರು, ಪೋಷಕಾಂಶ ಬೇಕೇಬೇಕು. ಆದರೆ ನಾಲ್ಕು ರೊಟ್ಟಿ, ಒಂದಿಷ್ಟು ಖಾರದ ಚಟ್ನಿ ಪಥ್ಯವಾಗುವುದಿಲ್ಲ. ಎರಡು ರೊಟ್ಟಿ, ಬಟ್ಟಲು ತುಂಬ ಹುರುಳಿ ಅಥವಾ ಹೆಸರುಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ಆದೀತು. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು. ಕೂಲಿಯ ದುಡ್ಡಿನಲ್ಲಿ ಬೇಳೆಕಾಳು ಕೊಳ್ಳುವುದು ಸುಲಭವಲ್ಲ. ಹಾಗಾಗಿ ಪಡಿತರದಲ್ಲಿ ಅಕ್ಕಿಯಷ್ಟೇ ಖಚಿತವಾಗಿ ಬೇಳೆಕಾಳೂ ಸಿಗಬೇಕು. ಇಲ್ಲದಿದ್ದರೆ ವೈದ್ಯರ ಸಲಹೆ ಚೀಟಿಯಲ್ಲೇ ಉಳಿಯುತ್ತದೆ.