ಹುಳಿ ಅಂಬಲಿ, ಬಾಟಲಿ ಪೆಪ್ಸಿನ್

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳ ಹಿಂಗಾರಿ ಬೆಳೆ ಎಂದರೆ ಬಿಳಿಜೋಳ. ಕೂಸು ಎದೆಹಾಲಿನಾಚೆಗೆ ಉಣ್ಣಲು ಕಲಿಯುತ್ತಿದ್ದುದೂ ಇದರ ಅಂಬಲಿ, ನುಚ್ಚು, ಹಾಲಲ್ಲಿ ನೆನೆಸಿದ ರೊಟ್ಟಿಯಿಂದಲೇ. ಆದರೆ ಜೋಳ ಎಳೆಯ ಹೊಟ್ಟೆಗೆ ಸಲೀಸಾಗಿ ಅರಗುವ ಕಾಳಲ್ಲ. 1981ರಲ್ಲಿ ಪ್ರಕಟವಾದ ಪೆರು ದೇಶದ ಅಧ್ಯಯನದಲ್ಲಿ, ಬೇಯಿಸಿದ ಜೋಳದ ಗಂಜಿ ಉಂಡ ಮಕ್ಕಳಿಗೆ ಅದರ ಪ್ರೋಟೀನಿನಲ್ಲಿ ಶೇ. 46ರಷ್ಟು ಮಾತ್ರ ದಕ್ಕಿತು. ಗೋಧಿಯಲ್ಲಿ ಆ ಪ್ರಮಾಣ ಶೇ. 81. ಹಾಗಾದರೆ ಊಟದ ಜೊತೆ ಒಂದು ಚಮಚ ಪಾಚಕ ಸಿರಪ್ ಕೊಟ್ಟರೆ ಸಾಕಲ್ಲವೇ? ಅದೇ ವರ್ಷ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜಾನ್ ಆಕ್ಸ್‌ಟೆಲ್ ತಂಡ ಜೋಳದ ಹಿಟ್ಟಿಗೆ, ಜಠರದಲ್ಲಿ ಪ್ರೋಟೀನ್ ಒಡೆಯುವ ಪಾಚಕವಾದ ಪೆಪ್ಸಿನ್ ಬೆರೆಸಿ ನೋಡಿತು. ಹಸಿ ಹಿಟ್ಟನ್ನು ಚೆನ್ನಾಗಿ ಒಡೆದ ಪೆಪ್ಸಿನ್, ನೀರಲ್ಲಿ ಬೆಂದ ಹಿಟ್ಟಿನ ಮುಂದೆ ಅರ್ಧಕ್ಕೇ ಸೋತಿತು. ಹುಳಿ ಬರಿಸಿ ಸುಟ್ಟ ಸುಡಾನಿನ ಕಿಸ್ರಾ ರೊಟ್ಟಿಯಲ್ಲಿ ಅದರ ಕೆಲಸ ಮತ್ತೆ ಸುಧಾರಿಸಿತು. ಅಂದರೆ ತೊಡಕು ಇರುವುದು ಪಾಚಕದ ಕೊರತೆಯಲ್ಲಲ್ಲ, ಅಡುಗೆಯ ಕ್ರಮದಲ್ಲಿ. ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ, ರಾತ್ರಿಯಿಡೀ ಹುಳಿಯಲು ಬಿಟ್ಟು, ಬೆಳಗ್ಗೆ ಕುದಿಸುವ ಅಂಬಲಿಯ ಹದ ಕೈಹಾಕಿದ್ದು ಈ ತೊಡಕಿಗೇ.

ಬಾಟಲಿಯ ಪಾಚಕವೂ ಮೂಲತಃ ಅಡುಗೆಮನೆಗೆ ದೂರದ್ದಲ್ಲ. 1833ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞರಾದ ಪೇಯೆನ್ ಮತ್ತು ಪೆರ್ಸೋ, ಪಿಷ್ಟ ಒಡೆಯುವ ಪಾಚಕವಾದ ಡಯಾಸ್ಟೇಸನ್ನು ಬೇರ್ಪಡಿಸಿದ್ದು ಮೊಳೆತ ಬಾರ್ಲಿಯಿಂದ. 1894ರಲ್ಲಿ ಜಪಾನಿನ ತಕಾಮಿನೆ ಅದನ್ನೇ ಬೂಷ್ಟಿನಿಂದ ತೆಗೆದು ಪೇಟೆಂಟ್ ಪಡೆದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಸಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿದರು. ಮೊಳಕೆಯ ಪಾಚಕ ಗಂಜಿಯನ್ನು ತೆಳುವಾಗಿಸುವುದರಿಂದ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ.

ಇದು ಹಳೆಯದರ ಹಳಹಳಿಕೆ ಎಂದು ಯಾರಾದರೂ ಆಕ್ಷೇಪಿಸಬಹುದು. 1876–78ರ ಬರದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿದ್ದ ಈ ಸೀಮೆ ನರಳಿದಾಗ ಅಂಬಲಿಯ ಹದ ಯಾರನ್ನೂ ಉಳಿಸಲಿಲ್ಲ, ನಿಜ. ಕಾಳೇ ಇಲ್ಲದ ಮೇಲೆ ಹುಳಿಸುವುದೇನನ್ನು? ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿಯನ್ನೂ ಸಮರ್ಥಿಸಲಾಗದು. ಆರು ತಿಂಗಳವರೆಗೆ ಎದೆಹಾಲೇ ಸಾಕು. ಸಿಸ್ಟಿಕ್ ಫೈಬ್ರೋಸಿಸ್‌ನಂಥ ಕಾಯಿಲೆಯಿಂದ ಮೇದೋಜೀರಕ ಗ್ರಂಥಿ ಸೋತ ಮಗುವಿಗಂತೂ ಪ್ರತಿ ಊಟಕ್ಕೂ ಪಾಚಕದ ಔಷಧ ಬೇಕೇ ಬೇಕು, ಅದಕ್ಕೆ ಅಂಬಲಿ ಬದಲಿಯಾಗದು. ಆದರೆ ಆರೋಗ್ಯವಂತ ಮಗು ಸರಿಯಾಗಿ ಉಣ್ಣುವುದಿಲ್ಲ ಎಂದು ಸಿರಪ್ ತರುವ ಮನೆ ಮೊದಲು ಕೇಳಬೇಕಾದದ್ದು ತಟ್ಟೆಯಲ್ಲಿ ಏನಿದೆ, ಅದನ್ನು ಹೇಗೆ ಹದ ಮಾಡಲಾಗಿದೆ ಎಂಬುದನ್ನು.