ಬೆಕ್ಕಿನ ದಂತರೋಗಗಳು

ಬೆಕ್ಕಿನ ಹಲ್ಲು, ವಸಡು ಮತ್ತು ಬಾಯಿಯ ಒಳಪೊರೆಗೆ ತಗಲುವ ಕಾಯಿಲೆಗಳು. ಮರಿಯ 26 ಹಾಲುಹಲ್ಲುಗಳು ಬಿದ್ದು, ಸುಮಾರು 6 ತಿಂಗಳ ವೇಳೆಗೆ 30 ಶಾಶ್ವತ ಹಲ್ಲುಗಳು ಬಂದಿರುತ್ತವೆ.

ಮುಖ್ಯ ರೋಗಗಳು: ಹಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾದ ಲೋಳೆ ಗಟ್ಟಿಯಾಗಿ ಪಾಚಿ ಕಟ್ಟಿದಾಗ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಇದು ಮುಂದುವರಿದರೆ ಹಲ್ಲಿನ ಬುಡದ ಮೂಳೆ ಸವೆದು ಹಲ್ಲು ಅಲುಗಾಡುತ್ತದೆ. ಹಲ್ಲು ಕರಗುವ ರೋಗದಲ್ಲಿ (ಮನುಷ್ಯರ ಹುಳುಕಿಗಿಂತ ಭಿನ್ನ) ದೇಹದ ಜೀವಕೋಶಗಳೇ ಹಲ್ಲನ್ನು ಕರಗಿಸುತ್ತವೆ. ಕೆಳದವಡೆಯ ಮುಂದವಡೆ ಹಲ್ಲುಗಳಲ್ಲಿ ಇದು ಹೆಚ್ಚು. ಇದರ ಕಾರಣ ಖಚಿತವಾಗಿಲ್ಲ. ಇಡೀ ಬಾಯಿಯೇ ಹುಣ್ಣಾಗುವ ತೀವ್ರ ಉರಿಯೂತಕ್ಕೂ ಕ್ಯಾಲಿಸಿವೈರಸ್‌ಗೂ ನಂಟಿದೆ.

ಲಕ್ಷಣಗಳು: ಬೆಕ್ಕು ನೋವನ್ನು ತೋರಗೊಡುವುದಿಲ್ಲ. ಬಟ್ಟಲಿನ ಹತ್ತಿರ ಬಂದು ಮೂಸಿ ಹಿಂದೆ ಸರಿಯುವುದು, ಒಂದೇ ಮಗ್ಗುಲಲ್ಲಿ ಅಗಿಯುವುದು, ಬಾಯಿಂದ ಆಹಾರ ಉದುರುವುದು, ದುರ್ವಾಸನೆ, ರಕ್ತ ಬೆರೆತ ಜೊಲ್ಲು, ಮುಂಗಾಲಿನಿಂದ ಮೂತಿ ಕೆರೆಯುವುದು, ಮೈ ನೆಕ್ಕದೆ ಕೂದಲು ಜಡೆಗಟ್ಟುವುದು ಸೂಚನೆಗಳು.

ಚಿಕಿತ್ಸೆ: ಪಶುವೈದ್ಯರು ಅರಿವಳಿಕೆ ಕೊಟ್ಟು, ಎಕ್ಸ್‌-ರೇ ತೆಗೆದು ಪಾಚಿ ತೆಗೆಯುತ್ತಾರೆ. ಕರಗುತ್ತಿರುವ ಹಲ್ಲನ್ನು ಸಾಮಾನ್ಯವಾಗಿ ಕೀಳಬೇಕಾಗುತ್ತದೆ. ಹಲ್ಲು ಕಳೆದುಕೊಂಡ ಬೆಕ್ಕುಗಳೂ ಮೆತ್ತನೆಯ ಆಹಾರ ಚೆನ್ನಾಗಿ ತಿನ್ನುತ್ತವೆ. ಮನುಷ್ಯರ ನೋವಿನ ಮಾತ್ರೆ ಕೊಡಬಾರದು; ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ ವಿಷ.

ತಡೆ: ಮರಿಯಿದ್ದಾಗಲೇ ಮೆದು ಬ್ರಷ್ ರೂಢಿಸಿ, ಸಾಕುಪ್ರಾಣಿಗಳಿಗೆಂದೇ ತಯಾರಿಸಿದ ಪೇಸ್ಟಿನಿಂದ ದಿನವೂ ಉಜ್ಜುವುದು ಉತ್ತಮ. ವರ್ಷಕ್ಕೊಮ್ಮೆ ಬಾಯಿಯ ತಪಾಸಣೆ ಮಾಡಿಸಬೇಕು. ಬೆಕ್ಕು ಒಂದು ದಿನಕ್ಕಿಂತ ಹೆಚ್ಚು ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿರುವುದರಿಂದ ತಡಮಾಡದೆ ವೈದ್ಯರಿಗೆ ತೋರಿಸಬೇಕು.