ಕುಂಬಾರನಿಗೆ ವರುಷ: ಸೀಗ್ರೋವ್ ಊರಿನ ಭರಣಿಗಳ ಕಥೆ

ನಾರ್ತ್ ಕ್ಯಾರೊಲೈನಾದ ಕನ್ನಡಿಗರಲ್ಲಿ ಆಶ್‌ಬರೊ ಊರಿನ ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗದವರು ಕಡಿಮೆ. ಆನೆ, ಜಿರಾಫೆ ತೋರಿಸಿ, ಕಟ್ಟಿಕೊಂಡು ಹೋದ ಪುಳಿಯೋಗರೆ, ಮೊಸರನ್ನ ಮುಗಿಸಿ ಕಾರು ಹತ್ತಿದರೆ ಸೀದಾ ಮನೆ. ನಾವೂ ಎಷ್ಟೋ ವರ್ಷ ಹಾಗೆಯೇ ಮಾಡಿದವರು. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಸೀಗ್ರೋವ್ ಎಂಬ ಊರೊಂದಿದೆ ಎಂಬುದು ಗೊತ್ತಾದದ್ದು ಅಮ್ಮ ಮೈಸೂರಿನಿಂದ ಬಂದಿದ್ದಾಗ. "ಪ್ರಾಣಿಗಳನ್ನು ನೋಡಿದ್ದು ಸಾಕಪ್ಪಾ, ಮನುಷ್ಯರನ್ನು ತೋರಿಸು" ಎಂದಳು.

ಊರಿನ ಜನಸಂಖ್ಯೆ ಮುನ್ನೂರನ್ನೂ ಮುಟ್ಟುವುದಿಲ್ಲ. ಆದರೆ ಸುತ್ತಮುತ್ತಲ ಕಾಡುದಾರಿಗಳಲ್ಲಿ ಹತ್ತಾರು ಕುಂಬಾರರ ಮನೆಗಳು. ಮನೆಯ ಪಕ್ಕದಲ್ಲೇ ತಿಗರಿ, ಹಿತ್ತಲಲ್ಲಿ ಆವಿಗೆ, ಮುಂದೆ ಒಂದು ಪುಟ್ಟ ಅಂಗಡಿ. ಅಂಥ ಒಂದು ಅಂಗಡಿಯಲ್ಲಿ ಅಮ್ಮ ಬೂದು ಬಣ್ಣದ ಭರಣಿಯೊಂದನ್ನು ಎತ್ತಿಕೊಂಡು, ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಬೆರಳಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿದಳು. ಕಂಚಿನ ಹಾಗೆ ಠಣ್ ಎಂದಿತು. "ಚೆನ್ನಾಗಿದೆ. ಆದರೆ ಇವರು ಇದರಲ್ಲಿ ಏನು ಹಾಕಿಡ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡಂತೆ, ಸೀಗ್ರೋವ್‌ನ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯಲ್ಲೇ ಇದೆ.

ಹದಿನೆಂಟನೆಯ ಶತಮಾನದಲ್ಲಿ ಈ ಭಾಗಕ್ಕೆ ಇಂಗ್ಲಿಷ್ ಮತ್ತು ಜರ್ಮನ್ ಮೂಲದ ವಲಸೆಗಾರರು ಬಂದು ನೆಲೆಸಿದರು. ಇಲ್ಲಿ ಒಳ್ಳೆಯ ಜೇಡಿಮಣ್ಣಿತ್ತು. ಬೇಸಾಯ ಅವರ ಕಸುಬು, ಬಿಡುವಿನಲ್ಲಿ ಕುಂಬಾರಿಕೆ. ಮೊದಮೊದಲು ಸೀಸದ ಮೆರುಗು ಕೊಟ್ಟ ಕೆಂಪು ಮಣ್ಣಿನ ಪಾತ್ರೆಗಳು. ಹುಳಿ ಪದಾರ್ಥ ಹಾಕಿಟ್ಟರೆ ಆ ಸೀಸ ಬಿಟ್ಟುಕೊಂಡು ವಿಷವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಜಾಗಕ್ಕೆ ಕಲ್ಲಿನಂತೆ ಗಟ್ಟಿಯಾದ ಸ್ಟೋನ್‌ವೇರ್ ಬಂತು. ನೆಲದಲ್ಲಿ ಅರ್ಧ ಹುದುಗಿದ ಉದ್ದನೆಯ ಆವಿಗೆ. ನೋಡಲು ಹೆಗ್ಗಣದ ಬಿಲದ ಹಾಗೆ. ಬೆಂಕಿ ಸುಮಾರು 1250 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೇಲಿನ ಕಂಡಿಗಳಿಂದ ಉಪ್ಪು ಎರಚುತ್ತಿದ್ದರು. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಮರಳಿನಂಶದೊಡನೆ ಬೆರೆತು ಗಾಜಿನ ಪೊರೆಯಾಗುತ್ತಿತ್ತು. ನಮ್ಮಲ್ಲಿ ಉಪ್ಪನ್ನು ಭರಣಿಯ ಒಳಗೆ ಹಾಕುತ್ತೇವೆ, ಇಲ್ಲಿ ಭರಣಿಗೇ ಉಪ್ಪು ಹಾಕುತ್ತಿದ್ದರು!

ಹಾಲು, ಬೆಣ್ಣೆ, ಉಪ್ಪು ಹಚ್ಚಿದ ಮಾಂಸ, ಉಪ್ಪಿನಲ್ಲಿ ನೆನೆಸಿದ ತರಕಾರಿ: ಅಮ್ಮನ ಪ್ರಶ್ನೆಗೆ ಮೊದಲ ಉತ್ತರ ಇದು. ಎರಡನೆಯ ಉತ್ತರ ವಿಸ್ಕಿ. ಅಂತರ್ಯುದ್ಧದ ನಂತರದ ದಶಕಗಳಲ್ಲಿ ಇಲ್ಲಿಯ ಕುಂಬಾರರಿಗೆ ಅನ್ನ ಕೊಟ್ಟದ್ದು ಹೆಚ್ಚಾಗಿ ಸಾರಾಯಿ ತುಂಬುವ ಜಗ್ಗುಗಳೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ದೊಣ್ಣೆ ಎರಡು ಸಲ ಬಿತ್ತು. ಗಾಜಿನ ಜಾಡಿ, ತಗಡಿನ ಡಬ್ಬಿ ಅಗ್ಗವಾದದ್ದು ಒಂದು. 1908ರಲ್ಲಿ ರಾಜ್ಯದ ಮತದಾರರು ಪಾನನಿಷೇಧಕ್ಕೆ ಒಪ್ಪಿಗೆ ಕೊಟ್ಟು, 1909ರ ಆರಂಭದಿಂದ ಅದು ಜಾರಿಗೆ ಬಂದದ್ದು ಇನ್ನೊಂದು. ಭರಣಿಗೆ ಹಾಕಲು ಏನೂ ಉಳಿಯಲಿಲ್ಲ. ಅನೇಕರು ತಿಗರಿ ಬಿಟ್ಟು ಬೇರೆ ಕೂಲಿ ಹಿಡಿದರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆಗ ಬಂದವರು ರಾಜಧಾನಿ ರಾಲಿಯ ಕಲಾವಿದ ದಂಪತಿ, ಜಾಕ್ ಮತ್ತು ಜೂಲಿಯಾನಾ ಬಸ್ಬೀ. ಜೂಲಿಯಾನಾ ಒಂದು ಜಾತ್ರೆಯಲ್ಲಿ ಕಿತ್ತಳೆ ಬಣ್ಣದ ಮಣ್ಣಿನ ತಟ್ಟೆ ಕಂಡು ಮನಸೋತು, ಅದರ ಮೂಲ ಹುಡುಕಿಕೊಂಡು ಹೊರಟಳೆಂದು ಹೇಳುತ್ತಾರೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಚಹಾದಂಗಡಿ ತೆರೆದು ಈ ಪಾತ್ರೆಗಳನ್ನು ಪಟ್ಟಣಿಗರಿಗೆ ಮಾರಿದರು. 1920ರ ದಶಕದ ಆರಂಭದಲ್ಲಿ ಸೀಗ್ರೋವ್‌ನ ದಕ್ಷಿಣಕ್ಕೆ ಕೆಲವು ಮೈಲಿ ದೂರದಲ್ಲಿ ಜಗ್‌ಟೌನ್ ಎಂಬ ಕಾರ್ಯಾಗಾರ ಕಟ್ಟಿದರು. 1923ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಸ್ಥಳೀಯ ತರುಣ ಬೆನ್ ಓವನ್.

ಬಸ್ಬೀ ದಂಪತಿ ಹಳೆಯ ರೀತಿ ಕೆಡಬಾರದೆಂದು ಹಠ ಹಿಡಿದವರು. ಅದೇ ಜಾಕ್ ಬಸ್ಬೀ ಬೆನ್ ಓವನ್‌ನನ್ನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಚೀನಾ, ಕೊರಿಯಾಗಳ ಹಳೆಯ ಕುಂಭಗಳನ್ನು ತೋರಿಸಿದ. ಊರ ಮಣ್ಣಿನಲ್ಲಿ, ಊರ ಕೈಯಲ್ಲಿ ಏಷ್ಯಾದ ಆಕಾರಗಳು ಮೂಡಿದವು. ಹಸಿರು ಛಾಯೆಯ ನೀಲಿಯ ನಡುವೆ ತಾಮ್ರದ ಕೆಂಪು ಹರಿದ 'ಚೈನೀಸ್ ಬ್ಲೂ' ಎಂಬ ಮೆರುಗು ಜಗ್‌ಟೌನಿನ ಹೆಮ್ಮೆಯಾಯಿತು. ಭರಣಿಯ ಒಳಗೆ ಈಗ ಹೂವು. ಎಷ್ಟೋ ಸಲ ಅದೂ ಇಲ್ಲ.

ಇನ್ನೊಂದು ಮಾತು. ಆ ಪಾತ್ರೆಗಳ ತಳದಲ್ಲಿ ಒತ್ತಿದ ಮುದ್ರೆ 'ಜಗ್‌ಟೌನ್ ವೇರ್' ಎಂದು. ತಿರುಗಿಸಿದ ಕೈಯ ಹೆಸರಿಲ್ಲ. ಬೆನ್ ಓವನ್ ಮೂವತ್ತಾರು ವರ್ಷ ದುಡಿದು 1959ರಲ್ಲಿ ಸ್ವಂತ ಕಾರ್ಯಾಗಾರ ತೆರೆದ ಮೇಲೆ ಒತ್ತಿದ ಮುದ್ರೆ 'ಬೆನ್ ಓವನ್, ಮಾಸ್ಟರ್ ಪಾಟರ್'. ಉಳಿಸಿದವರಿಗೆ ಕೃತಜ್ಞತೆ ಸಲ್ಲಬೇಕು, ನಿಜ. ಆದರೆ ಉಳಿದದ್ದು ಯಾರ ಹೆಸರಿನಲ್ಲಿ ಎಂಬುದನ್ನೂ ಕೇಳಬೇಕಲ್ಲವೇ?

ಎಲ್ಲರೂ ಬಸ್ಬೀಗಳ ದಾರಿ ಹಿಡಿಯಲಿಲ್ಲ. ಕೋಲ್ ಮನೆತನದವರು ಬಣ್ಣಬಣ್ಣದ ಮೆರುಗು ಹಾಕಿ ಪ್ರವಾಸಿಗಳಿಗೆ ಮಾರಿದರು. ಹೆಂಗಸರು ತಿಗರಿಯ ಮುಂದೆ ಕೂರುವುದು ಅಪರೂಪವಾಗಿದ್ದ ಕಾಲದಲ್ಲಿ ನೆಲ್ ಕೋಲ್ ಗ್ರೇವ್ಸ್ ಅದರಲ್ಲಿ ಹೆಸರಾದಳು. 1996ರಲ್ಲಿ ಜಗ್‌ಟೌನಿನ ವರ್ನನ್ ಓವೆನ್ಸ್‌ಗೆ ರಾಷ್ಟ್ರೀಯ ಪರಂಪರೆ ಗೌರವ ಬಂತು. 1998ರಲ್ಲಿ ಊರಿನಲ್ಲಿ ಕುಂಬಾರಿಕೆಯ ಕೇಂದ್ರವೊಂದು ತೆರೆಯಿತು. 2008ರಲ್ಲಿ ಊರಿನ ಹಳೆಯ ಉತ್ಸವಕ್ಕೆ ಪ್ರತಿಯಾಗಿ, ಅದೇ ವಾರಾಂತ್ಯ, ಇನ್ನೊಂದು ಉತ್ಸವ ಶುರುವಾಯಿತು. ಓದಿ ನಕ್ಕೆ. ಕನ್ನಡ ಸಂಘಗಳಿರುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ!

ಇಡೀ ರಾತ್ರಿಯ ಯಕ್ಷಗಾನವನ್ನು ಹೈಸ್ಕೂಲಿನ ಸಭಾಂಗಣದಲ್ಲಿ ಎರಡು ಗಂಟೆಗೆ ಇಳಿಸುವಾಗ, ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಅ, ಆ, ಇ, ಈ ತಿದ್ದಿಸುವಾಗ, ಇದು ನಮ್ಮದೇನಾ ಎಂಬ ಅಳುಕು ನನಗೆ ಆಗಾಗ ಬರುತ್ತದೆ. ಸೀಗ್ರೋವ್ ನನಗೆ ಪೂರ್ತಿ ಸಮಾಧಾನ ಹೇಳಲಿಲ್ಲ. ಆದರೆ ಒಂದು ತೋರಿಸಿತು: ಭರಣಿಯ ಒಳಗಿನದು ಬದಲಾಯಿತು, ಆಕಾರ ಬದಲಾಯಿತು, ಕೊಳ್ಳುವವರೂ ಬದಲಾದರು. ಕೈಯಿಂದ ಕೈಗೆ ಬಂದ ಕೆಲಸ ಮಾತ್ರ ನಿಲ್ಲಲಿಲ್ಲ. ನಿಂತಿದ್ದರೆ ಬಸ್ಬೀಗಳಿಗೂ ಉಳಿಸಲು ಏನೂ ಇರುತ್ತಿರಲಿಲ್ಲ.

ಆ ಭರಣಿಯನ್ನು ಕೊಂಡು ತಂದೆವು. ನಾನು ಅದನ್ನು ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೆ. ಮರುದಿನ ಆಫೀಸಿನಿಂದ ಬಂದು ನೋಡಿದರೆ ಅದು ಅಡಿಗೆಮನೆಯಲ್ಲಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಒಳಗೆ ನಿಂಬೆಹಣ್ಣಿನ ಹೋಳು ಉಪ್ಪಿನಲ್ಲಿ ನೆನೆಯುತ್ತಿತ್ತು.